ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವುದು ಹೇಗೆ?

ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸುವವರು ತಿಂಗಳುಗಟ್ಟಲೆ ರಾಜ್ಯದಿಂದ ರಾಜ್ಯಕ್ಕೆ ಅಲೆದು ಪಕ್ಷದ ಉಮೇದುವಾರಿಕೆ ಗಳಿಸುತ್ತಾರೆ. ಅಷ್ಟು ಬೆವರು ಸುರಿಸಿದವರೇ ಜೊತೆಗಾರನ ಆಯ್ಕೆಯನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಲು ಹೋಗಿ ಕೈ ಸುಟ್ಟುಕೊಂಡಿದ್ದಾರೆ. ಕ್ರಮ ತಪ್ಪದೆ ಮಾಡಿದರೆ ಇದು ಅಸಾಧ್ಯದ ಕೆಲಸವೇನಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಅಭ್ಯರ್ಥಿಗಳನ್ನು ವಿಧ್ಯುಕ್ತವಾಗಿ ಘೋಷಿಸುವ ಪಕ್ಷದ ಸಮಾವೇಶಕ್ಕೆ ಕನಿಷ್ಠ ಒಂದು ತಿಂಗಳಿರುವಾಗಲೇ ಹುಡುಕಾಟ ಶುರುವಾಗಬೇಕು.

ಬಳಿಕ ಅರ್ಹತೆ. ಹುಟ್ಟಿನಿಂದಲೇ ಅಮೆರಿಕದ ಪ್ರಜೆ, 35 ವರ್ಷ ತುಂಬಿರಬೇಕು, 14 ವರ್ಷ ಅಲ್ಲಿ ವಾಸವಿರಬೇಕು. ಇಲ್ಲಿ ಎಡವುವವರು ಕಡಿಮೆ. ಆದರೆ ಒಂದು ರಾಜ್ಯದ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷ ಮತ್ತು ಉಪಾಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಆ ರಾಜ್ಯದ ಪ್ರತಿನಿಧಿಗಳು, ತಮ್ಮದೇ ರಾಜ್ಯದ ಇಬ್ಬರಿಗೂ ಮತ ಹಾಕುವಂತಿಲ್ಲ ಎಂಬುದನ್ನು ಮರೆಯಬೇಡಿ. 2000ರಲ್ಲಿ ಜಾರ್ಜ್ ಬುಷ್ ಟೆಕ್ಸಾಸ್‌ನವರು. ಅವರ ಜೊತೆಗಾರ ಡಿಕ್ ಚೆನಿ ವಾಸವಿದ್ದುದೂ ಅಲ್ಲಿಯೇ. ಚೆನಿ ಸಮಯಕ್ಕೆ ಸರಿಯಾಗಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ವರ್ಗಾಯಿಸಿದರು. ಗೆಲ್ಲಲು 270 ಎಲೆಕ್ಟೋರಲ್ ಮತ ಬೇಕಿದ್ದಲ್ಲಿ ಆ ಜೋಡಿಗೆ ಸಿಕ್ಕಿದ್ದು 271. ಅದರಲ್ಲಿ ಟೆಕ್ಸಾಸ್‌ನದೇ 32.

ಈಗ ಹೆಸರುಗಳ ಪಟ್ಟಿ. ಇಂಥ ರಾಜ್ಯದವನನ್ನು ಹಾಕಿಕೊಂಡರೆ ಆ ರಾಜ್ಯ ನಮ್ಮದಾಗುತ್ತದೆ ಎಂಬ ಅಡ್ಡದಾರಿಯನ್ನು ನಂಬಬೇಡಿ. 1960ರಲ್ಲಿ ಲಿಂಡನ್ ಜಾನ್ಸನ್ ಜೊತೆಗಿದ್ದಾಗ ಕೆನಡಿ ಟೆಕ್ಸಾಸ್ ಗೆದ್ದರೆಂದು ಎಲ್ಲರೂ ಹೇಳುತ್ತಾರೆ. 2004ರಲ್ಲಿ ಜಾನ್ ಎಡ್ವರ್ಡ್ಸ್ ಇದ್ದರೂ ನಾರ್ತ್ ಕೆರೊಲಿನಾ ಕೈ ತಪ್ಪಿತು, 2012ರಲ್ಲಿ ಪಾಲ್ ರಯಾನ್ ಇದ್ದರೂ ವಿಸ್ಕಾನ್ಸಿನ್ ಕೈ ತಪ್ಪಿತು ಎಂಬುದನ್ನು ಯಾರೂ ಹೇಳುವುದಿಲ್ಲ. ನಾಳೆಯೇ ಅಧ್ಯಕ್ಷನ ಕುರ್ಚಿಯಲ್ಲಿ ಕೂರಬಲ್ಲವರ ಹೆಸರನ್ನಷ್ಟೇ ಬರೆದುಕೊಳ್ಳಿ. ಇದುವರೆಗೆ ಒಂಬತ್ತು ಉಪಾಧ್ಯಕ್ಷರು ಹಾಗೆ ಅವಧಿಯ ನಡುವೆ ಅಧ್ಯಕ್ಷರಾಗಿದ್ದಾರೆ. ಹ್ಯಾರಿ ಟ್ರೂಮನ್ ಉಪಾಧ್ಯಕ್ಷರಾಗಿದ್ದುದು 82 ದಿನ ಮಾತ್ರ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಮಹಾಯುದ್ಧವೇ ಅವರ ಹೆಗಲಿಗೆ ಬಂತು.

ಇನ್ನು ಎಲ್ಲರೂ ಎಡವುವ ಹಂತ: ಹಿನ್ನೆಲೆ ಕೆದಕುವುದು. 1972ರ ಜುಲೈ 13, ಮಯಾಮಿ ಬೀಚ್‌ನಲ್ಲಿ ಡೆಮಾಕ್ರಟಿಕ್ ಸಮಾವೇಶದ ಕೊನೆಯ ದಿನ. ಎಡ್ವರ್ಡ್ ಕೆನಡಿ ಸೇರಿ ಹಲವರು ಒಲ್ಲೆ ಎಂದ ಮೇಲೆ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್‌ಗೆ ಫೋನ್ ಮಾಡಿದರು. ಮುಂದೆ ತೊಂದರೆಯಾಗುವಂಥದ್ದು ಏನಾದರೂ ಇದೆಯೇ ಎಂದು ಸಹಾಯಕರು ಫೋನಿನಲ್ಲೇ ವಿಚಾರಿಸಿದರು. ಇಲ್ಲ ಎಂಬ ಉತ್ತರ ಬಂತು, ಪರಿಶೀಲನೆ ಮುಗಿಯಿತು. ಖಿನ್ನತೆಗಾಗಿ ಈಗಲ್ಟನ್ ಮೂರು ಸಲ ಆಸ್ಪತ್ರೆ ಸೇರಿದ್ದರು, ವಿದ್ಯುತ್ ಆಘಾತ ಚಿಕಿತ್ಸೆಯನ್ನೂ ಪಡೆದಿದ್ದರು ಎಂಬುದು ಕೆಲವೇ ದಿನಗಳಲ್ಲಿ ಹೊರಬಿತ್ತು. ಶೇಕಡ ಸಾವಿರದಷ್ಟು ಬೆಂಬಲವಿದೆ ಎಂದಿದ್ದ ಮೆಕ್‌ಗವರ್ನ್ ಜುಲೈ 31ಕ್ಕೆ ಅವರನ್ನು ಕೈಬಿಟ್ಟರು. ನವೆಂಬರ್‌ನಲ್ಲಿ 49 ರಾಜ್ಯ ಸೋತರು.

ಕಾಯಿಲೆ ತಪ್ಪಲ್ಲ. ಅದೇ ಈಗಲ್ಟನ್‌ರನ್ನು ಮಿಸೌರಿಯ ಜನ 1974 ಮತ್ತು 1980ರಲ್ಲಿ ಮತ್ತೆ ಸೆನೆಟ್‌ಗೆ ಕಳಿಸಿದರು. ವಾರಗಟ್ಟಲೆ ಕುಳಿತು ಕೇಳಬೇಕಾದುದನ್ನು ಒಂದು ಫೋನ್ ಕರೆಗೆ ಇಳಿಸಿದ್ದು ತಪ್ಪು. ಅದರ ಬೆಲೆಯನ್ನು ಒಬ್ಬ ಮನುಷ್ಯ ದೇಶದೆದುರು ತೆರಬೇಕಾಯಿತು.

ಆದ್ದರಿಂದ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೊಡಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಪ್ರಚಾರದ ಗೆಳೆಯರು ಬೇಡ. ಮುಲಾಜಿಲ್ಲದ ವಕೀಲರು ಬೇಕು. ಹಲವು ವರ್ಷಗಳ ತೆರಿಗೆ ದಾಖಲೆ, ಸಾಲ, ಮೊಕದ್ದಮೆ, ವೈದ್ಯರ ವರದಿ, ಹಳೆಯ ಭಾಷಣಗಳು, ಸೇನಾ ಸೇವೆಯ ವಿವರ ಎಲ್ಲವೂ ಮೇಜಿನ ಮೇಲೆ ಬರಲಿ. ಗಂಡ ಅಥವಾ ಹೆಂಡತಿಯ ಲೆಕ್ಕಪತ್ರವನ್ನು ಬಿಡಲೇಬೇಡಿ. 1984ರಲ್ಲಿ ದೊಡ್ಡ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿಯಾದ ಜೆರಾಲ್ಡಿನ್ ಫೆರಾರೊ, ಆ ಆಗಸ್ಟ್‌ನಲ್ಲಿ ಪತಿಯ ತೆರಿಗೆ ಪತ್ರಗಳ ಬಗ್ಗೆಯೇ ಉತ್ತರಿಸುತ್ತ ನಿಲ್ಲಬೇಕಾಯಿತು. ಹುಡುಕುವ ಸಮಿತಿಯ ಮುಖ್ಯಸ್ಥರನ್ನೇ ಆರಿಸುವುದೂ ಬೇಡ. ಚೆನಿ ಆದದ್ದು ಹಾಗೆಯೇ. ಎಲ್ಲರ ಕಡತ ನೋಡುವವರ ಕಡತವನ್ನು ಯಾರು ನೋಡಬೇಕು?

ಕಾಗದಗಳು ಸರಿಯಿದ್ದರೆ ಮುಖಾಮುಖಿ ಮಾತು. ಇದರಲ್ಲಿ ಜಿಮ್ಮಿ ಕಾರ್ಟರ್‌ರನ್ನು ಅನುಸರಿಸಿ. 1976ರಲ್ಲಿ ಅವರು ವಾಲ್ಟರ್ ಮಾಂಡೇಲ್, ಎಡ್ಮಂಡ್ ಮಸ್ಕಿ, ಜಾನ್ ಗ್ಲೆನ್ ಇವರನ್ನು ಜಾರ್ಜಿಯಾದ ಪ್ಲೇನ್ಸ್ ಎಂಬ ತಮ್ಮ ಪುಟ್ಟ ಊರಿಗೆ ಕರೆಸಿ ಮಾತನಾಡಿದರು. ಆ ಮಾತಿನಲ್ಲಿ ಎರಡೂ ಕಡೆಯವರು ಕೇಳಲಿ, ಹೇಳಲಿ. ಉಪಾಧ್ಯಕ್ಷನಿಗೆ ಯಾವ ಕೆಲಸ, ಯಾವ ಕಡತಗಳು, ಅಧ್ಯಕ್ಷರ ಭೇಟಿ ಎಷ್ಟು ದಿನಕ್ಕೊಮ್ಮೆ ಎಂಬುದು ಅಲ್ಲಿಯೇ ಇತ್ಯರ್ಥವಾಗಲಿ. ಆಯ್ಕೆಯಾದ ಮಾಂಡೇಲ್‌ಗೆ ಅಧ್ಯಕ್ಷರ ಕಚೇರಿಯೂ ಇರುವ ಶ್ವೇತಭವನದ ವೆಸ್ಟ್ ವಿಂಗ್‌ನಲ್ಲೇ ಕಚೇರಿ ಸಿಕ್ಕಿತು. ಅವರಿಗಿಂತ ಹಿಂದಿನ ಯಾವ ಉಪಾಧ್ಯಕ್ಷರಿಗೂ ಅಲ್ಲಿ ಕಚೇರಿ ಕಾಯಂ ಆಗಿ ಉಳಿದಿರಲಿಲ್ಲ. ವಾರಕ್ಕೊಮ್ಮೆ ಅಧ್ಯಕ್ಷರೊಂದಿಗೆ ಊಟವೂ ನಿಗದಿಯಾಯಿತು.

ಇಷ್ಟಾದ ಮೇಲೆ ಹೆಸರು ಘೋಷಿಸಿ. ಆಯ್ಕೆಯಾಗದವರಿಗೆ ಅದಕ್ಕೂ ಮೊದಲು ನೀವೇ ಫೋನ್ ಮಾಡಿ.