ವೀರಗಲ್ಲಿನ ಕುದುರೆಯಿಂದ ಸವಾರನ ಗುರುತು ಹಿಡಿಯುವುದು ಹೇಗೆ?

ಹಾವೇರಿಯ ಸಿದ್ಧೇಶ್ವರ ಗುಡಿಯ ಅಂಗಳದಲ್ಲಾಗಲಿ, ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಲ್ಲಾಗಲಿ ಕಾಳಗದಲ್ಲಿ ಮಡಿದವರ ನೆನಪಿಗೆ ನೆಟ್ಟ ವೀರಗಲ್ಲುಗಳ ಮುಂದೆ ನಿಂತವರು ಸಾಮಾನ್ಯವಾಗಿ ಮೊದಲು ವೀರನ ಮುಖವನ್ನು ನೋಡುತ್ತಾರೆ. ಆದರೆ ಶಿಲ್ಪಿಗಳು ಮುಖಗಳನ್ನು ಬಹುಮಟ್ಟಿಗೆ ಒಂದೇ ಮಾದರಿಯಲ್ಲಿ ಕಡೆದಿದ್ದಾರೆ. ಉಳಿದದ್ದನ್ನು ಮಳೆಗಾಳಿ ಸವೆಸಿದೆ. ಮಡಿದವನು ಎಂಥ ಅಂತಸ್ತಿನವನು, ಊರು ಅವನನ್ನು ಯಾವ ರೂಪದಲ್ಲಿ ನೆನೆಯಬೇಕೆಂದು ಅವನ ಕಡೆಯವರು ಬಯಸಿದರು ಎಂಬುದು ಅವನ ಕುದುರೆ, ಆಯುಧ ಮತ್ತು ಕೊಡೆಯಲ್ಲಿದೆ. ಆದ್ದರಿಂದ ಓದನ್ನು ಕುದುರೆಯಿಂದಲೇ ಆರಂಭಿಸಬೇಕು.

ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ಹೋಗಿರಿ. ನಡು ಮಧ್ಯಾಹ್ನದ ಬೆಳಕಿನಲ್ಲಿ ತೆಳುವಾದ ಉಬ್ಬುಗೆತ್ತನೆ ಕಣ್ಣಿಗೆ ಹತ್ತುವುದಿಲ್ಲ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ ಇರುವುದು ಸಾಮಾನ್ಯ ಕ್ರಮ. ನಮಗೆ ಬೇಕಾದದ್ದು ಕೆಳಗಿನ ಹಂತ.

ಅಲ್ಲಿ ಕುದುರೆಯ ಮೇಲಿರುವವನು ವೀರನೋ, ಅವನ ಎದುರಾಳಿಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಉಳಿದವರಿಗಿಂತ ದೊಡ್ಡದಾಗಿ ಕಡೆದ ಆಕೃತಿಯೇ ವೀರನದು. ವೀರನೇ ರಾವುತನಾಗಿದ್ದರೆ ಅವನ ತಲೆಯ ಮೇಲೆ ಕೊಡೆ ಇದೆಯೇ ಎಂದು ನೋಡಿ. ಹಿಂದೆ ಕೊಡೆ ಹಿಡಿದ ಸೇವಕನೊಬ್ಬನಿದ್ದರೆ ಅದು ನಾಯಕನ ಅಥವಾ ಅಧಿಕಾರಿಯ ಗುರುತು. ಬಳಿಕ ಹತ್ತಿರ ಹೋಗಿ ಕುದುರೆಯ ಕೊರಳನ್ನೇ ಗಮನಿಸಿ. ಗೆಜ್ಜೆಯ ಸರ, ಬಾಯಿಯ ಕಡಿವಾಣ, ಬಿಗಿಯಾಗಿ ಎಳೆದ ಲಗಾಮು, ಬೆನ್ನ ಮೇಲಿನ ಜೀನಿನ ಅಂಚು, ಅದನ್ನು ಹೊಟ್ಟೆಯ ಕೆಳಗಿನಿಂದ ಬಿಗಿದ ಪಟ್ಟಿ, ಇವನ್ನೆಲ್ಲ ಶಿಲ್ಪಿ ಮುಖಕ್ಕಿಂತ ಹೆಚ್ಚು ಶ್ರದ್ಧೆಯಿಂದ ಬಿಡಿಸಿರುವ ಕಲ್ಲುಗಳುಂಟು. ಆ ಶ್ರದ್ಧೆಗೆ ಕಾರಣವಿದೆ. ಒಳ್ಳೆಯ ಯುದ್ಧದ ಕುದುರೆಗಳು ಅರಬ್ ಮತ್ತು ಪರ್ಷಿಯಾ ದೇಶಗಳಿಂದ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದು, ಘಟ್ಟ ಹತ್ತಿ ಈ ಬಯಲಿಗೆ ಬರಬೇಕಾಗಿತ್ತು. ಅಂಥ ಪ್ರಾಣಿಯನ್ನು ಕೊಂಡು ಸಾಕುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. 1127ರಲ್ಲಿ ಪಟ್ಟಕ್ಕೆ ಬಂದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಕುದುರೆ ಸವಾರಿಯ ಚೆಂಡಾಟವನ್ನು ಅರಸನ ವಿನೋದಗಳಲ್ಲಿ ಸೇರಿಸಿದ್ದಾನೆ.

ಕುದುರೆ ಇಲ್ಲದಿರುವುದೂ ಒಂದು ಮಾಹಿತಿಯೇ. ತುರುಗಾಳಗದ, ಅಂದರೆ ದನಗಳಿಗಾಗಿ ನಡೆದ ಕಾಳಗದ ಕಲ್ಲುಗಳಲ್ಲಿ ದನಗಳ ಹಿಂಡಿನ ಬಳಿ ವೀರನು ಹೆಚ್ಚಾಗಿ ಬಿಲ್ಲು ಹಿಡಿದು ನೆಲದ ಮೇಲೆಯೇ ನಿಂತಿರುತ್ತಾನೆ. ಕಾಲಾಳೊಬ್ಬನು ಕುದುರೆ ಸವಾರನನ್ನು ಎದುರಿಸಿದ ಕಲ್ಲು ಸಿಕ್ಕರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಿರಿ. ಶತ್ರುವಿನ ಕುದುರೆಯೇ ಅಲ್ಲಿ ಈತನ ಎದೆಗಾರಿಕೆಯ ಅಳತೆ ಎಂದು ನನಗೆ ತೋರುತ್ತದೆ.

ಕುದುರೆಯೇರಿದವರೆಲ್ಲ ವೀರಗಲ್ಲಿನ ರಾವುತರಲ್ಲ. ಜೊತೆಯಲ್ಲಿ ಮಡದಿ, ಕೈಯಲ್ಲಿ ತ್ರಿಶೂಲ, ಡಮರು, ಕಾಲ ಬಳಿ ನಾಯಿ ಇದ್ದರೆ ಆತ ಮೈಲಾರಲಿಂಗ. ಆತನ ಕ್ಷೇತ್ರವಾದ ದೇವರಗುಡ್ಡದ ಒಕ್ಕಲಿನ ಮನೆಗಳವರಿಗೆ ಇದನ್ನು ಹೇಳಬೇಕಾಗಿಲ್ಲ. ಜೈನ ಬಸದಿಗಳ ಕಾವಲು ಯಕ್ಷನಾದ ಬ್ರಹ್ಮದೇವನೂ ಕುದುರೆ ಏರುತ್ತಾನೆ.

ಪ್ರತಿಮೆಗಳಲ್ಲಿ ಕುದುರೆ ಒಂದು ಮುಂಗಾಲು ಎತ್ತಿದ್ದರೆ ಸವಾರ ಗಾಯಗೊಂಡವನು, ಎರಡನ್ನೂ ಎತ್ತಿದ್ದರೆ ರಣದಲ್ಲಿ ಮಡಿದವನು ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದನ್ನು ಇಲ್ಲಿಗೆ ತರಬೇಡಿ. ವೀರಗಲ್ಲುಗಳನ್ನು ನೆಟ್ಟಿದ್ದೇ ಮಡಿದವರಿಗಾಗಿ. ಆದರೂ ಅವುಗಳಲ್ಲಿ ನೆಗೆಯುವ ಕುದುರೆಗಳೂ ಇವೆ, ನಿಂತ ಕುದುರೆಗಳೂ ಇವೆ. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆಯೇರಿ ಕತ್ತಿ ಹಿಡಿದ ಕಿತ್ತೂರು ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಾಗ ತೀರಿಕೊಂಡಳು. ಆ ಪ್ರತಿಮೆಯು ನೆನೆಯುವುದು ಅವಳ ಸಾವಿನ ಬಗೆಯನ್ನಲ್ಲ, 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಅವಳ ನಿಲುವನ್ನು.

ಕೊನೆಯದಾಗಿ, ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿವೆಯೇ ಎಂದು ನೋಡಿ. ಅವು ಕಾಣಲೆಂದು ಸೀಮೆಸುಣ್ಣ, ಎಣ್ಣೆ, ಹಿಟ್ಟು ಏನನ್ನೂ ಉಜ್ಜಬೇಡಿ. ಓರೆ ಬೆಳಕಿನಲ್ಲಿ ಫೋಟೋ ತೆಗೆದರೆ ಸಾಕು. ಆ ಬರಹದ ಅಚ್ಚಾದ ಪಾಠವನ್ನು ಹುಡುಕುವಾಗ ಗದಗ ಮತ್ತು ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು ಎಂಬುದು ನೆನಪಿರಲಿ. ಹಳೆಯ ಶಾಸನ ಸಂಪುಟಗಳಲ್ಲಿ, ಅಂದರೆ ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಮುಂಬಯಿ ಕರ್ನಾಟಕಕ್ಕೆ (ಹಿಂದೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕನ್ನಡ ಜಿಲ್ಲೆಗಳಿಗೆ) ಮೀಸಲಾದ 11, 15, 18 ಮತ್ತು 20ನೆಯ ಸಂಪುಟಗಳಲ್ಲಿ, ನಿಮ್ಮ ಊರನ್ನು ಧಾರವಾಡ ಜಿಲ್ಲೆಯ ಹೆಸರಿನಡಿಯಲ್ಲಿಯೇ ಹುಡುಕಬೇಕು.