ಅಪ್ಪ-ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೋ ಚೈನಾಟೌನ್: ಮೇಲಿಂದ ಕೆಳಕ್ಕೆ ಬನ್ನಿ

ಊರಿಂದ ಬಂದ ಹಿರಿಯರಿಗೆ ಸ್ಯಾನ್ ಫ್ರಾನ್ಸಿಸ್ಕೋ ತೋರಿಸುವಾಗ ಬೇ ಏರಿಯಾದ ನಮ್ಮವರು ಚೈನಾಟೌನ್ ಒಂದನ್ನು ಬಿಟ್ಟೇ ಬಿಡುತ್ತಾರೆ. "ಮೀನಿನ ವಾಸನೆ, ಬರೀ ಏರು, ತಿನ್ನೋಕೆ ಏನೂ ಸಿಗಲ್ಲ, ಪಾರ್ಕಿಂಗ್ ಇಲ್ಲ." ನಾಲ್ಕರಲ್ಲೂ ಒಂದಿಷ್ಟು ನಿಜವಿದೆ. ಆದರೂ ಈರುಳ್ಳಿ-ಬೆಳ್ಳುಳ್ಳಿ ಮುಟ್ಟದವರನ್ನೂ ಮಂಡಿನೋವಿನವರನ್ನೂ ಕಟ್ಟಿಕೊಂಡು ಅರ್ಧ ದಿನದಲ್ಲಿ, ಊಟ-ಓಡಾಟ ಸೇರಿ ತಲೆಗೆ ಸುಮಾರು 30 ಡಾಲರಿನಲ್ಲಿ ಮುಗಿಸುವ ದಾರಿ ಈಗ ಕೈಗೆ ಹತ್ತಿದೆ. ಆಗೋದೇ ಇಲ್ಲ ಅಂದಿದ್ದವರೇ ಈಗ ಫೋನ್ ಮಾಡಿ ರೂಟ್ ಕೇಳುತ್ತಾರೆ.

ಎಲ್ಲರೂ ಕೆಡುವುದು ಡ್ರ್ಯಾಗನ್ ಗೇಟಿನಲ್ಲಿ. ಬುಷ್ ಸ್ಟ್ರೀಟಿನ ಆ ಬಾಗಿಲು 1970ರದ್ದು, ಫೋಟೋಕ್ಕೆ ಚೆಂದ. ಆದರೆ ಅಲ್ಲಿಂದ ಹೊರಟರೆ ಗ್ರಾಂಟ್ ಅವೆನ್ಯೂನಲ್ಲಿ ಕ್ಯಾಲಿಫೋರ್ನಿಯಾ ಸ್ಟ್ರೀಟ್‌ವರೆಗೆ ಏರು. ಎರಡೂ ಬದಿಗೆ ಟೀ ಶರ್ಟ್, ಮ್ಯಾಗ್ನೆಟ್, ಪ್ಲಾಸ್ಟಿಕ್ ಬುದ್ಧ. ನಿಜವಾದ ಸಂತೆ ಇರುವ ಸ್ಟಾಕ್ಟನ್ ಸ್ಟ್ರೀಟಿಗೆ ಮತ್ತೊಂದು ಬ್ಲಾಕ್ ಕಡಿದಾಗಿ ಹತ್ತಬೇಕು. ಅಷ್ಟರಲ್ಲಿ ಹಿರಿಯರು "ಸಾಕಪ್ಪಾ, ಕಾರಿನ ಹತ್ತಿರ ಹೋಗೋಣ" ಅಂದಿರುತ್ತಾರೆ.

ಹಾಗಾಗಿ ಮೇಲಿನ ತುದಿಯಿಂದ ಶುರು ಮಾಡಬೇಕು. ನಗರದ ಸಾರಿಗೆ ಸಂಸ್ಥೆ ಮ್ಯೂನಿಯ ಟಿ ಲೈನ್ ರೈಲು 2023ರ ಜನವರಿಯಿಂದ ಪೂರ್ತಿ ಓಡುತ್ತಿದೆ. ಅದರ ಚೈನಾಟೌನ್ ಸ್ಟೇಷನ್ ಇರುವುದೇ ಸ್ಟಾಕ್ಟನ್-ವಾಷಿಂಗ್ಟನ್ ಮೂಲೆಯಲ್ಲಿ. ಏರನ್ನೆಲ್ಲ ಲಿಫ್ಟ್ ಹತ್ತಿಸಿ ಕೊಡುತ್ತದೆ, ಮುಂದಿನದು ಇಳಿಜಾರು. ದಕ್ಷಿಣದಿಂದ ಬರುವವರು ಲೋಕಲ್ ರೈಲು ಕ್ಯಾಲ್‌ಟ್ರೇನ್ ಇಳಿದು ನೇರ ಟಿ ಹತ್ತಬಹುದು. ಬೇ ಏರಿಯಾದ ಮೆಟ್ರೋ ಆದ ಬಾರ್ಟ್‌ನವರು ಪವೆಲ್‌ನಲ್ಲಿ ಇಳಿದು ನೆಲದಡಿಯಲ್ಲೇ ಯೂನಿಯನ್ ಸ್ಕ್ವೇರ್ ಸ್ಟೇಷನ್‌ಗೆ ನಡೆದರೆ ಅಲ್ಲಿಂದ ಒಂದೇ ಸ್ಟಾಪ್. ಆ ಸುರಂಗದ ನಡಿಗೆ ಮಾತ್ರ ಉದ್ದ. ಹಿರಿಯರ ಕಾಲಿಗೆ ಹತ್ತು ನಿಮಿಷ ಇಟ್ಟುಕೊಳ್ಳಿ.

ದುಡ್ಡಿನ ಮಾತು. ಪೋರ್ಟ್ಸ್‌ಮೌತ್ ಸ್ಕ್ವೇರ್ ಅಡಿಯ ಗ್ಯಾರೇಜಿನಲ್ಲಿ ಮೂರ್ನಾಲ್ಕು ಗಂಟೆಗೆ 20 ಡಾಲರಿನ ಆಸುಪಾಸು ಬೀಳುತ್ತದೆ. ಶನಿವಾರ 11 ದಾಟಿದರೆ ಕ್ಯೂ ಬೇರೆ. ಮನೆಯಿಂದಲೇ ನಾಲ್ಕು ಜನ ಬಾರ್ಟ್‌ನಲ್ಲಿ ಬಂದರೆ ಕಾರಿಗಿಂತ ದುಬಾರಿ, ಆ ಲೆಕ್ಕ ನನಗೂ ಗೊತ್ತು. ನನ್ನದು ನಡುವಿನ ದಾರಿ: ವಾರಾಂತ್ಯದಲ್ಲಿ ಡೇಲಿ ಸಿಟಿ ಬಾರ್ಟ್‌ನಲ್ಲಿ ಕಾರು ಬಿಡುವುದು, ಅಲ್ಲಿಂದ ರೈಲು. 65 ದಾಟಿದವರಿಗೆ ಸೀನಿಯರ್ ಕ್ಲಿಪರ್ ಕಾರ್ಡ್ (ಬಸ್-ರೈಲಿನ ರಿಯಾಯಿತಿ ಕಾರ್ಡ್) ಮೊದಲೇ ಮಾಡಿಸಿ. ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಮ್ಯೂನಿ ಟಿಕೆಟ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆರು ತಿಂಗಳು ಇರಲು ಬಂದವರಿಗೆ ಇದನ್ನು ಮಾಡಿಸದಿರುವುದು ಸುಮ್ಮನೆ ದಂಡ.

ಸ್ಟೇಷನ್ನಿಂದ ಹೊರಬಿದ್ದ ಕೂಡಲೇ ತರಕಾರಿ ಕೊಳ್ಳಬೇಡಿ, ನೋಡಿ ಸಾಕು. ಮೊದಲು ಪಕ್ಕದ ರಾಸ್ ಆ್ಯಲಿ. ಅಲ್ಲಿನ ಫಾರ್ಚೂನ್ ಕುಕಿ (ಒಳಗೆ ಭವಿಷ್ಯದ ಚೀಟಿ ಇಟ್ಟ ಬಿಸ್ಕತ್ತು) ಕಾರ್ಖಾನೆ 1962ರಿಂದಿದೆ, ಕಾರ್ಖಾನೆ ಅಂದರೂ ನಮ್ಮ ಹಾಲ್‌ನಷ್ಟೇ ಜಾಗ. ತಿರುಗುವ ಯಂತ್ರದಿಂದ ಬಿಸಿಬಿಸಿ ಬಿಲ್ಲೆ ಬಿದ್ದೊಡನೆ ಹೆಂಗಸೊಬ್ಬರು ಚೀಟಿ ಇಟ್ಟು ಮಡಚಿ, ಕಬ್ಬಿಣದ ಕಡ್ಡಿಯ ಮೇಲೆ ಬಗ್ಗಿಸಿ ಎಸೆಯುತ್ತಾರೆ. ಕೆಲವು ಸೆಕೆಂಡ್ ತಡವಾದರೂ ಬಿಲ್ಲೆ ಹಪ್ಪಳದ ಹಾಗೆ ಗಟ್ಟಿಯಾಗಿ ಮುರಿಯುತ್ತದೆ. ಫೋಟೋಕ್ಕೆ ಚಿಲ್ಲರೆ ಕೇಳುತ್ತಾರೆ, ಕೊಟ್ಟುಬಿಡಿ. ಈ ಬಗೆಯ ಕುಕಿಗೆ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ, ಹಿರಿಯರ ಬಾಯಿಗೆ ಹೋಗುವ ಮುಂಚೆ ಹೇಳಿ.

ಅಲ್ಲಿಂದ ವಾಷಿಂಗ್ಟನ್ ಇಳಿದು ವೇವರ್ಲಿ ಪ್ಲೇಸ್. 125ನೇ ನಂಬರಿನ ಮೇಲ್ಮಹಡಿಯಲ್ಲಿ ಟಿನ್ ಹೌ ದೇವಸ್ಥಾನ, ಸಮುದ್ರ ಕಾಯುವ ದೇವಿಯದು. 1852ರಲ್ಲಿ ಶುರುವಾದದ್ದು, ಈಗಿನ ಕಟ್ಟಡ 1906ರ ಭೂಕಂಪ ಆದಮೇಲಿನದು. ಲಿಫ್ಟ್ ಇಲ್ಲ, ಮೂರು ಮಹಡಿ ಇಕ್ಕಟ್ಟು ಮೆಟ್ಟಿಲು, ಒಳಗೆ ಫೋಟೋ ಇಲ್ಲ. ಮಂಡಿನೋವಿನವರನ್ನು ಹತ್ತಿಸಬೇಡಿ, ಒಬ್ಬರು ಕೆಳಗೆ ಅವರ ಜೊತೆ ನಿಲ್ಲಿ. ಚೀನೀ ತಿಂಗಳ ಮೊದಲ ದಿನ ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ-ಹುಣ್ಣಿಮೆ ಆಸುಪಾಸು ಹೋದರೆ ಹಣ್ಣು, ಊದುಬತ್ತಿ, ಭಕ್ತರು ಎಲ್ಲ ಕಾಣಸಿಗುತ್ತಾರೆ. ಹಾಗಾಗಿ ನಾನು ತಾರೀಖು ಹಿಡಿಯುವುದೇ ಪಂಚಾಂಗ ನೋಡಿ. ಬೌದ್ಧ ಮನೆಗಳಲ್ಲಿ ಆ ಎರಡು ದಿನ ಸಸ್ಯಾಹಾರ, ಊಟಕ್ಕೂ ಅದರಿಂದ ಲಾಭ.

ಹಿರಿಯರಿಗೆ ಇತಿಹಾಸ ಹೇಳುವುದಾದರೆ ಚೀನೀ ಕೂಲಿಗಳು ಅಮೆರಿಕಕ್ಕೆ ಬರದಂತೆ ತಡೆದ 1882ರ ಬಹಿಷ್ಕಾರದ ಕಾಯ್ದೆಯಿಂದ ಶುರು ಮಾಡಬೇಡಿ, ಪ್ಲೇಗಿನಿಂದ ಮಾಡಿ. 1900ರ ಮಾರ್ಚ್‌ನಲ್ಲಿ ಇಲ್ಲಿ ಪ್ಲೇಗ್ ಸಾವು ಕಂಡಾಗ ಕೇರಿಯ ಸುತ್ತ ಹಗ್ಗ ಕಟ್ಟಿ, ಬಿಳಿಯರನ್ನು ಹೊರಬಿಟ್ಟು, ಚೀನೀಯರನ್ನು ಒಳಗೇ ಇಟ್ಟರು. ಮೇ ತಿಂಗಳಲ್ಲಿ ಬಲವಂತದ ಲಸಿಕೆಗೆ ಹೊರಟಾಗ ಕೋರ್ಟ್ ತಡೆಯಿತು. ಆ ಲಸಿಕೆ ವಿಜ್ಞಾನಿ ಹಾಫ್‌ಕಿನ್ ಮುಂಬಯಿಯಲ್ಲಿ ಕಂಡುಹಿಡಿದದ್ದು. 1898ರಲ್ಲಿ ಬೆಂಗಳೂರಿಗೆ ಬಡಿದದ್ದೂ ಅದೇ ಪಿಡುಗು. ಪ್ಲೇಗ್ ಮಾರಮ್ಮನ ಗುಡಿ ನೋಡಿದವರು ಇಲ್ಲಿಗೆ ಬರುವಷ್ಟರಲ್ಲಿ ಪ್ರಶ್ನೆ ಕೇಳತೊಡಗುತ್ತಾರೆ. ವಾಷಿಂಗ್ಟನ್ 743ರಲ್ಲಿ ಈಗ ಬ್ಯಾಂಕ್ ಇರುವ ಪಗೋಡಾ ಕಟ್ಟಡ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್. ಜನ ನಂಬರ್ ಹೇಳದೆ ಹೆಸರು ಹೇಳಿ ಕರೆ ಕೇಳುತ್ತಿದ್ದರು, ಆಪರೇಟರುಗಳಿಗೆ ಎಲ್ಲ ಬಾಯಿಪಾಠ. 1949ರಲ್ಲಿ ಡಯಲ್ ಬಂದು ಅದು ಮುಚ್ಚಿತು.

ಊಟ 11:30ಕ್ಕೇ ಮುಗಿಸಿ. ಮಾಮೂಲಿ ಹೋಟೆಲಿನಲ್ಲಿ "ವೆಜಿಟೇಬಲ್" ಅಂದರೆ ಸಾಲದು. ಸೊಪ್ಪಿನ ಮೇಲೆ ಚಿಪ್ಪುಮೀನಿನ ಆಯ್ಸ್ಟರ್ ಸಾಸ್, ಸೂಪಿನಲ್ಲಿ ಕೋಳಿಯ ನೀರು, ಮೂಲಂಗಿ ಕೇಕಿನಲ್ಲಿ ಒಣ ಸೀಗಡಿ, ಎಳ್ಳುಂಡೆಯ ಹೂರಣದಲ್ಲಿ ಹಂದಿಕೊಬ್ಬು ಇರಬಹುದು. ಹುಡುಕಬೇಕಾದ್ದು ಬೌದ್ಧ ಸಸ್ಯಾಹಾರಿ ಹೋಟೆಲು. ಕ್ಯಾಂಟನೀಸ್‌ನಲ್ಲಿ "ಜಾಯ್" (ಬೌದ್ಧ ಸಸ್ಯಾಹಾರ) ಅಂದರೆ ಅವರಿಗೆ ಅರ್ಥವಾಗುತ್ತದೆ. ಕಟ್ಟುನಿಟ್ಟಿನವರು ಈರುಳ್ಳಿ-ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ಆದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಅಪಾಯ ಇರುವುದು ಮೆನುವಿನಲ್ಲಿ: ಎಲ್ಲಕ್ಕೂ "ಚಿಕನ್", "ಡಕ್" ಅಂತಲೇ ಹೆಸರು, ಸೋಯಾ-ಗೋಧಿಯಲ್ಲಿ ಮಾಡಿದ ನಕಲಿ ಮಾಂಸ. ಮೆನು ಹಿರಿಯರ ಕೈಗೆ ಕೊಟ್ಟರೆ ಅವರು ಎದ್ದೇ ಹೋಗುತ್ತಾರೆ. ಅಣಬೆ-ತೋಫು, ಬದನೆ, ಲೋ ಹಾನ್ ಜಾಯ್ (ಬಗೆಬಗೆ ತರಕಾರಿಯ ಮಿಶ್ರ ಪಲ್ಯ), ಅನ್ನ ನೀವೇ ಹೇಳಿ. ತಲೆಗೆ 15 ಡಾಲರ್ ಒಳಗೆ ಆಗುತ್ತದೆ. ನಾನು ಹೋಗುವ ಹೋಟೆಲಿನ ಹೆಸರು ಹೇಳುವುದಿಲ್ಲ. ಇರುವುದೇ ಕೆಲವು ಟೇಬಲ್. ಉಪ್ಪಿನಕಾಯಿ ಪುಟ್ಟ ಡಬ್ಬಿಯಲ್ಲಿ ಜೇಬಿನಲ್ಲಿರಲಿ.

ಕೊನೆಗೆ ತರಕಾರಿ. ಇಳಿದು ಬಂದ ಕೆಳಗಿನ ಕರ್ನಿ ಸ್ಟ್ರೀಟಿನಿಂದ ಮತ್ತೆ ಸ್ಟಾಕ್ಟನ್‌ಗೆ ನಡೆದು ಹತ್ತಬೇಡಿ, ಸ್ಯಾಕ್ರಮೆಂಟೊ ಸ್ಟ್ರೀಟಿನಲ್ಲಿ ಮೇಲೆ ಹೋಗುವ 1ನೇ ನಂಬರ್ ಬಸ್ ಹಿಡಿಯಿರಿ. ಕ್ಲಿಪರ್‌ನಲ್ಲಿ ಎರಡು ಗಂಟೆಯೊಳಗಿನ ಬದಲಾವಣೆಗೆ ಮತ್ತೆ ದುಡ್ಡಿಲ್ಲ. ಬೇಗ ಉಣ್ಣಿ ಅಂದದ್ದಕ್ಕೆ ಇದೂ ಕಾರಣ. ಮೀನಿನಂಗಡಿಗಳ ಮುಂದೆ ಫುಟ್‌ಪಾತ್ ಒದ್ದೆಯಾಗಿ ಜಾರುತ್ತದೆ, ರಸ್ತೆ ದಾಟಿ ಎದುರು ಬದಿ ಹಿಡಿಯಿರಿ. ಹೀರೆಕಾಯಿ, ಅಲಸಂದೆ, ಕೆಂಪು ದಂಟು, ಬಸಳೆ, ಸೀಮೆಬದನೆ, ಕೆಸುವಿನ ಗೆಡ್ಡೆ, ಹೋಳು ಮಾಡಿಟ್ಟ ಬೂದುಗುಂಬಳ: ದೇವಸ್ಥಾನಕ್ಕಿಂತ ಹೆಚ್ಚು ಹೊತ್ತು ಹಿರಿಯರು ನಿಲ್ಲುವುದು ಇಲ್ಲಿ. ಪೌಂಡಿಗೆ ಒಂದೂವರೆಯಿಂದ ಮೂರು ಡಾಲರ್, ನಗದು ಇರಲಿ, ಸಣ್ಣ ನೋಟು ಒಳ್ಳೆಯದು. ಯಾವ ಅಂಗಡಿ, ಎಷ್ಟು ಹೊತ್ತಿಗೆ ಬೆಲೆ ಇಳಿಸುತ್ತಾರೆ ಅನ್ನುವುದು ನನ್ನಲ್ಲೇ ಇರಲಿ.

ಚೀನೀ ಹಾಗಲ ತಿಳಿಹಸಿರು, ಮುಳ್ಳಿಲ್ಲದ ನಯ ಮೈ, ಕಹಿ ಕಡಿಮೆ. ಗೊಜ್ಜಿಗೆ ಬೆಲ್ಲ ಮೂರನೇ ಒಂದು ಭಾಗ ಇಳಿಸದಿದ್ದರೆ ಪಾಯಸವಾಗುತ್ತದೆ. ಆ ಬೆಲ್ಲದ ಬದಲು ಅಲ್ಲೇ ಸಿಗುವ ಕಂದು ಸಕ್ಕರೆಯ ಪಟ್ಟಿ ಹಾಕಿ ನೋಡಿದೆ, ಗೊಜ್ಜಿಗೆ ಒಗ್ಗುತ್ತದೆ, ಹೋಳಿಗೆಗೆ ಆಗುವುದಿಲ್ಲ. ಬೂದುಗುಂಬಳದ ಹೋಳು ಕಾಶಿ ಹಲ್ವಕ್ಕೆ ಸರಿ, ತುರಿದು ಚೆನ್ನಾಗಿ ಹಿಂಡಬೇಕು ಅಷ್ಟೆ. ಬಸಳೆಯನ್ನು ಮಾತ್ರ ಅದೇ ರಾತ್ರಿ ಮಾಡಿಬಿಡಿ, ರೈಲಿನ ಬಿಸಿಗೆ ಚೀಲದೊಳಗೇ ಎಲೆ ಬಾಡಿರುತ್ತದೆ.