ಕ್ಯಾಮೆರಾ ಡ್ರೋನ್ ನೀವೇ ಜೋಡಿಸಿ, ಆದರೆ ಮೊದಲು ಬೆಸುಗೆ ಕಲಿಯಿರಿ

ಹೊಸದಾಗಿ ಜೋಡಿಸಿದ ಡ್ರೋನ್ ಎರಡು ಅಡಿ ಏರುವಷ್ಟರಲ್ಲಿ ಮಗುಚಿ ಬೀಳುವುದನ್ನು ತುಂಬಾ ಸಲ ನೋಡಿದ್ದೇನೆ. ಜೋಡಿಸಿದವರು ಕೂಡಲೇ ಸಾಫ್ಟ್‌ವೇರನ್ನು ಬೈಯುತ್ತಾರೆ, ಇಲ್ಲವೇ ಗಾಳಿಯನ್ನು ಬೈಯುತ್ತಾರೆ. ತಿರುಗಿಸಿ ನೋಡಿದರೆ ಹೆಚ್ಚಿನ ಸಲ ಕೆಳಗಿನ ಪ್ಲೇಟಿನಿಂದ ಒಂದು ವೈರ್ ಕಿತ್ತು ಬಂದಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಬೆಸುಗೆಯ ಮಾತು ಜಾಸ್ತಿ, ಸ್ಕ್ರೂ ತಿರುಗಿಸುವ ಮಾತು ಕಡಿಮೆ.

ಹೊರದೇಶದಿಂದ ಸಿದ್ಧ ಡ್ರೋನ್ ತರಿಸುವುದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿತು. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ. ಹಾಗಾಗಿ ನಮ್ಮಲ್ಲಿ ಹವ್ಯಾಸಿಗಳಿಗೆ ಜೋಡಿಸಿ ಕಲಿಯುವುದೇ ಒಳ್ಳೆಯ ದಾರಿ. ಕೆಟ್ಟರೆ ನೀವೇ ರಿಪೇರಿ ಮಾಡಿಕೊಳ್ಳಬಹುದು, ಅದು ಇನ್ನೂ ದೊಡ್ಡ ಲಾಭ.

ಸಾಮಾನು

ಮೊದಲ ಡ್ರೋನಿಗೆ ಎಫ್450 ಚೌಕಟ್ಟು ಸಾಕು. ಎದುರುಬದುರಿನ ಮೋಟರ್‌ಗಳ ನಡುವೆ 450 ಮಿಲಿಮೀಟರ್ ದೂರ ಇರುತ್ತದೆ. ಕೈಯಾಡಿಸಲು ಜಾಗವಿದೆ, ತೋಳು ಮುರಿದರೆ ಒಂದೇ ತೋಳು ಬದಲಿಸಬಹುದು. ಅದಕ್ಕೆ 2212 ಅಳತೆಯ 920 ಕೆವಿ (ವೋಲ್ಟಿಗೆ ನಿಮಿಷಕ್ಕೆ 920 ಸುತ್ತು) ಮೋಟರ್ ನಾಲ್ಕು, ಮೋಟರಿನ ವೇಗ ಹೊಂದಿಸುವ 30 ಆಂಪಿಯರ್‌ನ ಇಎಸ್‌ಸಿ ನಾಲ್ಕು, 3ಎಸ್ (ಮೂರು ಸೆಲ್‌ನ) 5000 ಎಂಎಎಚ್ ಲಿಪೊ ಬ್ಯಾಟರಿ, ಡ್ರೋನಿನ ಮಿದುಳಾದ ಪಿಕ್ಸ್‌ಹಾಕ್ ಮಾದರಿಯ ಫ್ಲೈಟ್ ಕಂಟ್ರೋಲರ್, ಅದಕ್ಕೆ ಕರೆಂಟ್ ಕೊಡುವ ಪವರ್ ಮಾಡ್ಯೂಲ್, ಕಂಬದ ಮೇಲೆ ಕೂರುವ ಜಿಪಿಎಸ್, ರಿಮೋಟ್ ಮತ್ತು ರಿಸೀವರ್ ಬೇಕು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಉಳಿದವರು ಆನ್‌ಲೈನಲ್ಲಿ ತರಿಸಿಕೊಳ್ಳಬಹುದು.

ಪ್ರೊಪೆಲ್ಲರ್ ಮಾತ್ರ ತಾನೇ ಬಿಗಿಯಾಗುವ 9.4 ಇಂಚಿನದ್ದನ್ನೇ ಕೊಳ್ಳಿ, ಮೋಟರ್ ಕೂಡ ಅದಕ್ಕೆ ಹೊಂದುವ ಸ್ಕ್ರೂ ಥ್ರೆಡ್ ಇರುವುದೇ ಆಗಿರಲಿ. ಕಿಟ್‌ಗಳ ಜೊತೆ ಬರುವ ಅಗ್ಗದ ಪ್ಲಾಸ್ಟಿಕ್ ಪ್ರೊಪೆಲ್ಲರ್ ಬಾಗುತ್ತದೆ, ತೂಕವೂ ಸಮ ಇರುವುದಿಲ್ಲ. ಅದನ್ನು ಹಿಡಿಯುವ ಕಾಲೆಟ್ ಸಡಿಲವಾದರೆ ಪ್ರೊಪೆಲ್ಲರ್ ಗಾಳಿಯಲ್ಲೇ ಹಾರಿಹೋಗುತ್ತದೆ. ಅಂಥದ್ದರ ಹತ್ತಿರ ಮಗುವೋ ನಾಯಿಯೋ ಇದ್ದರೆ ಏನು ಗತಿ?

ಬೆಸುಗೆ: ಇಲ್ಲಿ ನಿಧಾನ ಮಾಡಿ

ಎಫ್450ರ ಕೆಳಗಿನ ಪ್ಲೇಟ್ ಬರೀ ತಟ್ಟೆಯಲ್ಲ. ಒಳಗೆ ಅಗಲವಾದ ತಾಮ್ರದ ಪದರವಿದೆ. ಬ್ಯಾಟರಿಯ ಕರೆಂಟ್ ಅದರ ಮೂಲಕವೇ ನಾಲ್ಕೂ ಇಎಸ್‌ಸಿಗೆ ಹೋಗುತ್ತದೆ. ನಾಲ್ಕು ಜೊತೆ ಇಎಸ್‌ಸಿ ವೈರು, ಒಂದು ಜೊತೆ ಬ್ಯಾಟರಿ ವೈರು, ಒಟ್ಟು ಹತ್ತು ಬೆಸುಗೆ. ಹತ್ತರಲ್ಲಿ ಒಂದು ಬಿಟ್ಟರೂ ಡ್ರೋನ್ ಕೆಳಗೆ.

ತಾಮ್ರ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಮನೆಯಲ್ಲಿರುವ 25 ವ್ಯಾಟ್ ಸೋಲ್ಡರಿಂಗ್ ಐರನ್, ಅದರಲ್ಲೂ ಸೂಜಿ ಮೊನೆಯದು, ಇಲ್ಲಿ ಸೋಲುತ್ತದೆ. ಲೆಡ್ (ಬೆಸುಗೆ ಹಾಕುವ ಲೋಹದ ತಂತಿ) ಮೊನೆಯ ಹತ್ತಿರ ಕರಗುತ್ತದೆ, ಪ್ಲೇಟ್ ಮಾತ್ರ ಕಾದಿರುವುದಿಲ್ಲ. ಲೆಡ್ ಗುಂಡಗೆ ಮೇಲೆ ಕೂರುತ್ತದೆ. ನೋಡಲು ಅಂಟಿದಂತೆಯೇ ಇರುತ್ತದೆ. ಮೇಜಿನ ಮೇಲೆ ಮೋಟರ್ ಚೆನ್ನಾಗಿ ತಿರುಗುತ್ತದೆ. ಹಾರುವಾಗ ನಡುಕಕ್ಕೆ ಸಿಕ್ಕಿ ಕಿತ್ತುಬರುತ್ತದೆ. 60 ವ್ಯಾಟ್‌ನ ಐರನ್, ಉಳಿಯಂತೆ ಚಪ್ಪಟೆಯಾದ ಮೊನೆ ಇಟ್ಟುಕೊಳ್ಳಿ. ಬಿಸಿ ಹೊಂದಿಸುವ ಸ್ಟೇಷನ್ ಇದ್ದರೆ 380 ಡಿಗ್ರಿ ಆಸುಪಾಸು ಇಡಿ. ಕಾಲೇಜು ಲ್ಯಾಬಿನಲ್ಲಿ ಕೇಳಿ, ಟಿವಿ ರಿಪೇರಿ ಅಂಗಡಿಯಲ್ಲಿ ಕೇಳಿ, ಆದರೆ ಸಣ್ಣ ಐರನ್‌ನಲ್ಲಿ ಹೇಗೋ ನಿಭಾಯಿಸುತ್ತೇನೆ ಅನ್ನಬೇಡಿ.

ಲೆಡ್ 63/37 ಇರಲಿ, ಅಂದರೆ 63 ಪಾಲು ತವರ, 37 ಪಾಲು ಸೀಸ. 183 ಡಿಗ್ರಿಗೆ ಕರಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಸೀಸವಿಲ್ಲದ್ದಕ್ಕೆ ಇನ್ನೂ ಜಾಸ್ತಿ ಕಾವು ಬೇಕು, ಹೊಸಬರಿಗೆ ಅದು ಬೇಡ. ಲೆಡ್ ಚೆನ್ನಾಗಿ ಹಿಡಿಯಲು ಸವರುವ ಫ್ಲಕ್ಸ್ ರೋಸಿನ್‌ನದ್ದೇ ಆಗಬೇಕು. ರೇಡಿಯೇಟರ್ ರಿಪೇರಿಯವರು ಬಳಸುವ ಆಸಿಡ್ ಫ್ಲಕ್ಸನ್ನು ಹತ್ತಿರ ತರಬೇಡಿ. ಅದು ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಪ್ಲೇಟಿನ ಮೇಲೆ ಫ್ಲಕ್ಸ್ ಸವರಿ, ಮೊನೆಯನ್ನು ಪ್ಯಾಡಿಗೆ (ವೈರ್ ಕೂರುವ ತಾಮ್ರದ ಜಾಗಕ್ಕೆ) ಒತ್ತಿ ಹಿಡಿಯಿರಿ. ಲೆಡ್ಡನ್ನು ಮೊನೆಗಲ್ಲ, ಪ್ಯಾಡಿಗೆ ತಾಗಿಸಿ. ಪ್ಯಾಡ್ ಕಾದಿದ್ದರೆ ಲೆಡ್ ತಾನೇ ಹರಡಿಕೊಳ್ಳುತ್ತದೆ. ವೈರಿನ ತುದಿಗೂ ಹೀಗೇ ಲೆಡ್ ಕುಡಿಸಿ. ಆಮೇಲೆ ವೈರನ್ನು ಪ್ಯಾಡಿನ ಮೇಲಿಟ್ಟು ಎರಡನ್ನೂ ಒಟ್ಟಿಗೆ ಕಾಯಿಸಿ. ಎರಡೂ ಕರಗಿ ಒಂದಾದ ಮೇಲೆ ಐರನ್ ತೆಗೆದು, ವೈರನ್ನು ಅಲುಗಾಡಿಸದೆ ಹಿಡಿದುಕೊಳ್ಳಿ. ಬಾಯಲ್ಲಿ ಊದುವ ಅಭ್ಯಾಸ ಎಷ್ಟೋ ಜನರಿಗಿದೆ. ದಯವಿಟ್ಟು ಊದಬೇಡಿ, ಬೆಸುಗೆ ತಾನಾಗಿಯೇ ತಣಿಯಲಿ.

ಅಂಚು ಪ್ಯಾಡಿಗೆ ಇಳಿಜಾರಾಗಿ ಸೇರಿ ಹೊಳೆಯುತ್ತಿದ್ದರೆ ಸರಿಯಾಗಿದೆ. ಮಂಕಾಗಿ ಗುಂಡಗೆ ನಿಂತಿದ್ದರೆ ಮತ್ತೆ ಮಾಡಿ. ತಣಿದ ಮೇಲೆ ಪ್ರತಿ ವೈರನ್ನೂ ಜೋರಾಗಿ ಎಳೆದು ನೋಡಿ. ಈಗ ಕಿತ್ತು ಬಂದರೆ ಒಳ್ಳೆಯದೇ ಆಯಿತು, ಅಲ್ವಾ?

ಬ್ಯಾಟರಿಯ ಎಕ್ಸ್‌ಟಿ60 ಕನೆಕ್ಟರ್‌ಗೆ ಬೆಸುಗೆ ಹಾಕುವಾಗ ಅದರ ಜೋಡಿಯನ್ನು ಸಿಕ್ಕಿಸಿಡಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಬೆಸುಗೆಯನ್ನು ಮುಚ್ಚುವ ಹೀಟ್ ಶ್ರಿಂಕ್ ಕೊಳವೆಯನ್ನು ಬೆಸುಗೆಗೆ ಮುಂಚೆಯೇ ವೈರಿಗೆ ಪೋಣಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ.

ಬ್ಯಾಟರಿ ಹಾಕುವ ಮುಂಚೆ

ಪ್ರೊಪೆಲ್ಲರ್ ಇನ್ನೂ ಡಬ್ಬದಲ್ಲೇ ಇರಲಿ. ಮಲ್ಟಿಮೀಟರನ್ನು ಬೀಪ್ ಗುರುತಿಗೆ ತಿರುಗಿಸಿ, ಕನೆಕ್ಟರಿನ ಪ್ಲಸ್ ಮತ್ತು ಮೈನಸ್ಸಿಗೆ ಹಿಡಿಯಿರಿ. ಒಂದು ಕ್ಷಣ ಬೀಪ್ ಅಂದು ನಿಲ್ಲಬಹುದು, ಅದು ಇಎಸ್‌ಸಿಯ ಕೆಪಾಸಿಟರ್ ತುಂಬಿಕೊಳ್ಳುವ ಸದ್ದು. ಬೀಪ್ ನಿಲ್ಲದಿದ್ದರೆ ಎಲ್ಲೋ ಶಾರ್ಟ್ ಇದೆ. ವೈರಿನ ಎಳೆಯೋ ಲೆಡ್ಡಿನ ಹನಿಯೋ ಕಾರಣವಾಗಿರುತ್ತದೆ, ಹುಡುಕಿ.

ಇದಾದ ಮೇಲೂ ಬ್ಯಾಟರಿಯನ್ನು ನೇರವಾಗಿ ಸಿಕ್ಕಿಸಬೇಡಿ. ಆಟೊ ಎಲೆಕ್ಟ್ರಿಷಿಯನ್ ಹತ್ತಿರ 12 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಸಿಗುತ್ತದೆ. ಅದನ್ನು ಬ್ಯಾಟರಿ ಮತ್ತು ಡ್ರೋನ್ ನಡುವಿನ ಕೆಂಪು ವೈರಿನ ಸಾಲಿನಲ್ಲಿ ಸೇರಿಸಿ, ಆಮೇಲೆ ಬ್ಯಾಟರಿ ಹಾಕಿ. ಬಲ್ಬ್ ಮಿಣುಕಿ ಮಂಕಾದರೆ ಎಲ್ಲ ಸರಿ. ಝಗ್ಗನೆ ಉರಿಯುತ್ತಲೇ ಇದ್ದರೆ ಶಾರ್ಟ್. ಆಗ ಸಿಟ್ಟನ್ನೆಲ್ಲ ಬಲ್ಬ್ ತಡೆದುಕೊಳ್ಳುತ್ತದೆ, ನಿಮ್ಮ ಇಎಸ್‌ಸಿ ಸುಡುವುದಿಲ್ಲ.

ಉಳಿದ ಜೋಡಣೆ, ಹೊಂದಾಣಿಕೆ

ತೋಳು, ಮೋಟರ್, ಕಾಲುಗಳ ಸ್ಕ್ರೂ ಬಿಗಿ ಮಾಡಿ. ಫ್ಲೈಟ್ ಕಂಟ್ರೋಲರನ್ನು ಮಧ್ಯದಲ್ಲಿ ಮೆತ್ತನೆಯ ಫೋಮ್ ಟೇಪಿನ ಮೇಲೆ, ಬಾಣ ಮುಂದಕ್ಕಿರುವಂತೆ ಅಂಟಿಸಿ. ಜಿಪಿಎಸ್ ಬಾಣವೂ ಮುಂದಕ್ಕೇ ಇರಲಿ.

ಫ್ಲೈಟ್ ಕಂಟ್ರೋಲರಿಗೆ ಆರ್ಡುಪೈಲಟ್ ಸಾಫ್ಟ್‌ವೇರ್ ಹಾಕಿ, ಕಂಪ್ಯೂಟರಿನ ಮಿಷನ್ ಪ್ಲಾನರ್‌ನಲ್ಲಿ ರಿಮೋಟ್, ಆಕ್ಸಿಲರೋಮೀಟರ್, ಇಎಸ್‌ಸಿ ಹೊಂದಿಸಿ. ತೆರೆಯ ಮೇಲೆ ಬರುವ ಸೂಚನೆಯಂತೆ ಮಾಡಿದರೆ ಸಾಕು. ದಿಕ್ಸೂಚಿಯ ಹೊಂದಾಣಿಕೆಯನ್ನು ಮಾತ್ರ ಮನೆಯ ತಾರಸಿಯಲ್ಲಿ ಮಾಡಬೇಡಿ. ಆರ್‌ಸಿಸಿ ಒಳಗಿನ ಕಬ್ಬಿಣದ ಸರಳು ಅದರ ದಿಕ್ಕು ತಪ್ಪಿಸುತ್ತದೆ. ಆಮೇಲೆ ಒಂದೇ ಜಾಗದಲ್ಲಿ ನಿಲ್ಲಿಸುವ ಲಾಯ್ಟರ್ ಮೋಡ್‌ನಲ್ಲಿ ಡ್ರೋನ್ ಒಂದೆಡೆ ನಿಲ್ಲದೆ ಸುತ್ತು ಹೊಡೆಯುತ್ತದೆ. ಬಯಲಿಗೆ ಹೋಗಿ, ಕಾರು ಬೈಕುಗಳಿಂದ ದೂರ ನಿಂತು ಮಾಡಿ.

ಮೋಟರ್ ಟೆಸ್ಟಿನಲ್ಲಿ ಮುಂದಿನ ಬಲ ಮತ್ತು ಹಿಂದಿನ ಎಡ ಮೋಟರ್ ಗಡಿಯಾರಕ್ಕೆ ವಿರುದ್ಧವಾಗಿ, ಉಳಿದೆರಡು ಗಡಿಯಾರದಂತೆ ತಿರುಗಬೇಕು. ತಪ್ಪಿದ್ದರೆ ಆ ಮೋಟರಿನ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಇನ್ನೊಂದು ಮುಖ್ಯ ವಿಷಯ. ಸಿಗ್ನಲ್ ತಪ್ಪಿದರೆ ಡ್ರೋನ್ ಹೊರಟ ಜಾಗಕ್ಕೇ ಮರಳುವ ಆರ್‌ಟಿಎಲ್ ಸೌಲಭ್ಯವಿದೆ. ಅದರ ಎತ್ತರ ಮೊದಲಿಗೆ 15 ಮೀಟರ್‌ಗೆ ಇರುತ್ತದೆ. ನಮ್ಮ ಕಡೆ ತೆಂಗಿನ ಮರವೇ ಅದಕ್ಕಿಂತ ಎತ್ತರ. 35 ಮೀಟರ್‌ಗೆ ಏರಿಸಿ. ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ಫೇಲ್‌ಸೇಫ್ ಆಗುವಂತೆಯೂ, ಅಂದರೆ ಡ್ರೋನ್ ತಾನೇ ಮರಳುವಂತೆ ಇಲ್ಲವೇ ಇಳಿಯುವಂತೆ, ಇಡಿ.

ಎಲ್ಲಿ ಹಾರಿಸಬಹುದು

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ, 2 ಕೆಜಿಯೊಳಗಿನ ಡ್ರೋನ್ ಮೈಕ್ರೊ ವರ್ಗದ್ದು. ನಮ್ಮದು ಒಂದೂಕಾಲರಿಂದ ಒಂದೂವರೆ ಕೆಜಿ ಬರುತ್ತದೆ. ಹವ್ಯಾಸಕ್ಕೆ ಹಾರಿಸಿದರೆ ಪೈಲಟ್ ಪ್ರಮಾಣಪತ್ರ ಬೇಡ. ಹಣ ತೆಗೆದುಕೊಂಡು ಮದುವೆ ಶೂಟ್ ಮಾಡುವುದಾದರೆ ಬೇಕು. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿಯಿಲ್ಲದೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆಯಾದರೆ 200 ಅಡಿ ಮಾತ್ರ. ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹೊರಡಬೇಡಿ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಹೀಗೆ ಸುತ್ತಲೂ ವಿಮಾನಗಳೇ ಇರುವ ಬೆಂಗಳೂರಿನಲ್ಲಿ ಇದನ್ನು ಇನ್ನಷ್ಟು ಗಮನಿಸಬೇಕು.

ಮೊದಲ ಹಾರಾಟ

ಕಟಾವಾದ ಹೊಲ, ಬೆಳಗ್ಗೆ ಏಳರ ಒಳಗೆ. ಹೊತ್ತೇರಿದಂತೆ ಗಾಳಿ ಏಳುತ್ತದೆ. ಗದಗ, ಚಿತ್ರದುರ್ಗದ ಗಾಳಿಯಂತ್ರಗಳಿರುವ ಗುಡ್ಡಗಳನ್ನು ಮೊದಲ ದಿನ ಆರಿಸಿಕೊಳ್ಳಬೇಡಿ. ಈಗ ಪ್ರೊಪೆಲ್ಲರ್ ಹಾಕಿ, ಹತ್ತು ಹೆಜ್ಜೆ ಹಿಂದೆ ನಿಂತು, ಡ್ರೋನಿನ ಬೆನ್ನು ನಿಮ್ಮ ಕಡೆ ಇರುವಂತೆ ಇಟ್ಟು, ಎತ್ತರವನ್ನು ತಾನೇ ಕಾಯುವ ಆಲ್ಟ್ ಹೋಲ್ಡ್ ಮೋಡ್‌ನಲ್ಲಿ ಏರಿಸಿ. ತಲೆಯೆತ್ತರದಲ್ಲಿ ನಿಲ್ಲಿಸುವುದು, ಇಳಿಸುವುದು, ಇಷ್ಟನ್ನೇ ಬ್ಯಾಟರಿ ಮುಗಿಯುವವರೆಗೆ ಮಾಡಿ. ಒಂದು ಬ್ಯಾಟರಿಗೆ ಹತ್ತು ನಿಮಿಷ ಸಿಗುತ್ತದೆ. ಹದ್ದು ಸುತ್ತಲು ಶುರುಮಾಡಿದರೆ ಇಳಿಸಿಬಿಡಿ.

ಮನೆಗೆ ಬಂದು ಹಾರಾಟದ ದಾಖಲೆಯಾದ ಲಾಗ್ ತೆರೆದು ವೈಬ್ರೇಷನ್ ನೋಡಿ. 30ರ ಕೆಳಗಿದ್ದರೆ ನೆಮ್ಮದಿ, 60 ದಾಟಿದರೆ ಪ್ರೊಪೆಲ್ಲರ್ ಸಮತೂಕ ಮಾಡಿ. ಬ್ಯಾಲೆನ್ಸರ್ ಮೇಲಿಟ್ಟು, ಮೇಲೇಳುವ ಹಗುರ ರೆಕ್ಕೆಗೆ ಚೂರು ಟೇಪ್ ಅಂಟಿಸಿದರೆ ಆಯಿತು.

ಕ್ಯಾಮೆರಾ ಕಟ್ಟುವುದು ಇದಾದ ಮೇಲೆಯೇ. ನಡುಕ ಉಳಿದಿದ್ದರೆ ಚಿತ್ರ ಜೆಲ್ಲಿಯಂತೆ ಕುಲುಕುತ್ತದೆ, ಅದನ್ನು ಎಡಿಟಿಂಗ್‌ನಲ್ಲಿ ಪೂರ್ತಿ ತೆಗೆಯಲಾಗದು. ನಡುಕ ತಡೆಯುವ ರಬ್ಬರ್ ಬಾಲ್‌ಗಳ ಮೇಲೆ ಕೂರಿಸಿದ ಆಕ್ಷನ್ ಕ್ಯಾಮೆರಾದಿಂದ ಶುರುಮಾಡಿ, ಕ್ಯಾಮೆರಾ ಓಲಾಡದಂತೆ ಹಿಡಿಯುವ ಗಿಂಬಲ್ ಆಮೇಲೆ ಕೊಳ್ಳಿ. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊಗೆ ಶಟರ್ 1/50 ಸೆಕೆಂಡ್ ಇರಲಿ. ನಮ್ಮ ಬಿಸಿಲಿಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಅದು ಆಗುವುದಿಲ್ಲ.

ಹಾರಿಸಿ ಬಂದ ಬ್ಯಾಟರಿ ತಣಿಯುವವರೆಗೆ ಚಾರ್ಜ್‌ಗೆ ಹಾಕಬೇಡಿ. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಸಾಕು, ಬ್ಯಾಲೆನ್ಸ್ ಮೋಡ್‌ನಲ್ಲೇ ಹಾಕಿ, ಪಕ್ಕದಲ್ಲೇ ಇರಿ. ವಾರಗಟ್ಟಲೆ ಬಳಸದಿದ್ದರೆ ಸೆಲ್‌ಗೆ 3.8 ವೋಲ್ಟ್ ಇರುವಂತೆ ಸ್ಟೋರೇಜ್ ಮೋಡ್‌ಗೆ ತನ್ನಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಊದಿಕೊಂಡ ಬ್ಯಾಟರಿಯನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ. ಮನೆಯ ಕಸಕ್ಕೆ ಹಾಕಿದರೆ ಲಾರಿಯಲ್ಲಿ ಒತ್ತಿಹೋಗಿ ಬೆಂಕಿ ಹತ್ತಬಹುದು.